ಸೇತುವೆಯ ಕಾವಲುಗಾರ ಮತ್ತು ಐದು ಸಂಪುಟಗಳು

ಶಿಸ್ತಿನಿಂದ ಬದುಕುವವರಿಗೇ ನಗೆಪಾಟಲಿನ ಸಂದರ್ಭಗಳು ಹೆಚ್ಚು ಬರುತ್ತವೆ. ಮೂಡುಬಿದಿರೆಯಲ್ಲಿ ಹುಡುಗಿಯರ ಹಾಸ್ಟೆಲಿನ ಮೇಟ್ರನ್ ಆಗಿರುವ ನನಗೆ ಇದು ಅನುಭವದ ಮಾತು.

ಉಳುಕಿದ ಕಾಲು

ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಲಿಸಿದ್ದು: ಮೊದಲು ಪುಸ್ತಕ, ಆಮೇಲೆ ಸಿನಿಮಾ. ಇಪ್ಪತ್ತೆರಡು ವರ್ಷಗಳಿಂದ ನಾನೂ ಹಾಸ್ಟೆಲಿನ ಹುಡುಗಿಯರಿಗೆ ಅದನ್ನೇ ಹೇಳುತ್ತ ಬಂದಿದ್ದೇನೆ. ಕಳೆದ ವರ್ಷ ಕಾಲು ಉಳುಕಿ ಬೆಳ್ತಂಗಡಿಯ ತಂಗಿಯ ಮನೆಯಲ್ಲಿ ಮಲಗಿದ್ದಾಗ ತಂಗಿಯ ಮಗಳು ಟಿವಿಯಲ್ಲಿ ಐದು ಭಾಗಗಳ ಒಂದು ಮಾಯಾಲೋಕದ ಸಿನಿಮಾ ಹಾಕಿದಳು. "ಇಂಥದ್ದೆಲ್ಲ ಮಕ್ಕಳಿಗೆ," ಎಂದು ಗೋಡೆಯ ಕಡೆ ತಿರುಗಿ ಮಲಗಿದೆ. ನಾಲ್ಕು ದಿನಗಳಲ್ಲಿ ಐದೂ ಭಾಗಗಳು ಮುಗಿದವು. ಲಾಂದ್ರ ಹಿಡಿದು ಸೇತುವೆ ಕಾಯುವ ಮುದುಕನೊಬ್ಬ ಅದರಲ್ಲಿದ್ದ. ಕೊನೆಯ ಯುದ್ಧದಲ್ಲಿ ಅವನು ಬದುಕಿ ಉಳಿದಾಗ ನಾನು ಎರಡು ಕರ್ಚೀಫು ಒದ್ದೆ ಮಾಡಿದೆ.

"ಪುಸ್ತಕದಲ್ಲಿ ಕೊನೆ ಬೇರೆ ಉಂಟಂತೆ ದೊಡ್ಡಮ್ಮ," ಎಂದಳು ಹುಡುಗಿ.

ಅಲ್ಲಿಗೆ ನನ್ನ ನೆಮ್ಮದಿ ಹೋಯಿತು. ಪುಸ್ತಕದಲ್ಲಿ ಆ ಮುದುಕ ಬದುಕುತ್ತಾನೋ ಇಲ್ಲವೋ? ಮರುದಿನವೇ ಕಾಲು ಗುಣವಾಯಿತು.

ಗುರುವಾಯನಕೆರೆಯ ಅಂಗಡಿ

ವಾಪಸು ಬರುವಾಗ ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿಯ ಪುಸ್ತಕದಂಗಡಿಯಲ್ಲಿ ಆ ಸರಣಿಯ ಸಂಪುಟಗಳನ್ನು ಕೇಳಿದೆ. ಅಂಗಡಿಯವರು ನಾಲ್ಕು ತೆಗೆದಿಟ್ಟರು; ಐದನೆಯದು ಇರಲಿಲ್ಲ.

"ಮಗುವಿಗೆ ಎಷ್ಟು ವಯಸ್ಸು ಮೇಡಂ?"

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ಐವತ್ತೆಂಟು," ಎಂದೆ.

ಅವರು ತಲೆ ಎತ್ತದೆ, "ಹಾಗಾದ್ರೆ ದೊಡ್ಡ ಅಕ್ಷರದ್ದು ಉಂಟು, ಅದನ್ನೇ ಕೊಡ್ತೇನೆ," ಎಂದರು.

ಯಾರು ಆ ಉದ್ದದ ಮನುಷ್ಯ?

ಮೊದಲ ಸಂಪುಟದಲ್ಲೇ ನನಗೆ ಅವಮಾನವಾಯಿತು. ಸಿನಿಮಾದ ಕಾವಲುಗಾರ ಎತ್ತರದ, ಬಿಳಿ ಗಡ್ಡದ ಗಂಭೀರ ಮನುಷ್ಯ. ಪುಸ್ತಕದವನು ಕುಳ್ಳ, ಬೋಳುತಲೆ, ಕೆಲಸದ ಹೊತ್ತಿನಲ್ಲೇ ಗೊರಕೆ ಹೊಡೆಯುವವನು. ಇಂಥವನಿಗೆ ನಮ್ಮ ಹಾಸ್ಟೆಲಿನ ಗೇಟೂ ಕೊಡಲಾರೆ ಎಂದುಕೊಂಡೆ. ಆದರೆ ನಾಲ್ಕನೆಯ ಸಂಪುಟ ಮುಗಿಯುವಷ್ಟರಲ್ಲಿ ಅವನ ಗೊರಕೆ ಕೇಳದಿದ್ದರೆ ನನಗೆ ಗಾಬರಿಯಾಗುತ್ತಿತ್ತು.

ಮತ್ತೆ ತಂಗಿಯ ಮನೆಗೆ ಹೋದಾಗ ಟಿವಿಯಲ್ಲಿ ಅದೇ ಸಿನಿಮಾ ಬರುತ್ತಿತ್ತು. "ಯಾರಿವನು ಉದ್ದದವನು? ಸೇತುವೆಯಲ್ಲಿ ಇವನಿಗೇನು ಕೆಲಸ?" ಎಂದು ಗದರಿದೆ.

"ದೊಡ್ಡಮ್ಮ, ಇವನಿಗಾಗಿ ಒದ್ದೆಯಾದ ಕರ್ಚೀಫು ಒಗೆದದ್ದು ನಾನು!" ಎಂದಳು ತಂಗಿಯ ಮಗಳು.

ಶುಕ್ರವಾರದ ಅತಿಥಿ

ಐದನೆಯ ಸಂಪುಟ ಎಲ್ಲೂ ಸಿಗಲಿಲ್ಲ. ಒಂದು ಸಂಜೆ, ಓದುವ ಹೊತ್ತಿನಲ್ಲಿ, ಮೆಲ್ಕಾರಿನ ಹುಡುಗಿಯೊಬ್ಬಳು ರಸಾಯನಶಾಸ್ತ್ರದ ಪುಸ್ತಕದ ಮೇಲೆ ಕಣ್ಣೀರು ಹಾಕುತ್ತಿದ್ದಳು. ರಸಾಯನಶಾಸ್ತ್ರ ಅಷ್ಟು ಕರುಣಾಜನಕವಲ್ಲ. ಎತ್ತಿ ನೋಡಿದರೆ ಒಳಗೆ ಐದನೆಯ ಸಂಪುಟ!

"ಮೇಡಂ, ಇನ್ನು ಸ್ವಲ್ಪವೇ ಉಂಟು," ಎಂದು ಗೋಗರೆದಳು.

ನಿಯಮ ನಿಯಮವೇ. ಕಸಿದುಕೊಂಡ ವಸ್ತುವನ್ನು ಹೆತ್ತವರ ಕೈಗೇ ಕೊಡಬೇಕು. ಅವಳ ತಂದೆಗೆ ಫೋನು ಮಾಡಿ ಶನಿವಾರ ಬರಹೇಳಿದೆ. ಪುಸ್ತಕಕ್ಕೆ ಖಾಕಿ ಬೈಂಡು ಹಾಕಿ, ಕಚೇರಿಯ ಬಾಗಿಲು ಮುಚ್ಚಿ ಓದತೊಡಗಿದೆ. ಶನಿವಾರದೊಳಗೆ ಮುಗಿಯುವಂತೆ ಪುಟಗಳನ್ನು ದಿನಕ್ಕಿಷ್ಟು ಎಂದು ಹಂಚಿಕೊಂಡಿದ್ದೆ.

ತಮ್ಮ ಅಂಗಡಿಗೆ ರಜೆಯೆಂದು ಹುಡುಗಿಯ ತಂದೆ ಶುಕ್ರವಾರವೇ ಬಂದುಬಿಟ್ಟರು! ಇನ್ನೂ ನಲವತ್ತು ಪುಟ ಬಾಕಿ. ಕಾವಲುಗಾರ ಸೇತುವೆಯ ನಡುವೆ ಒಬ್ಬನೇ ನಿಂತಿದ್ದ.

"ಸ್ವಲ್ಪ ಓದುವ ಕೆಲಸ ಉಂಟು, ಕೂತುಕೊಳ್ಳಿ," ಎಂದೆ. ಮಗಳ ಮೇಲಿನ ದೂರುಗಳನ್ನೇ ಓದುತ್ತೇನೆಂದು ಅವರು ತಿಳಿದರಂತೆ. ಹೊರಗೆ ಬೆಂಚಿನಲ್ಲಿ ಕೂತು ಎರಡು ಚಾ ಕುಡಿದರು. ಒಂದು ಗಂಟೆ ಕಳೆಯಿತು. ಮಗಳೂ ಬಂದು ಪಕ್ಕದಲ್ಲಿ ನಿಂತಳು.

ನಾನು ಬಾಗಿಲು ತೆರೆದಾಗ ಕಣ್ಣು ಕೆಂಪಾಗಿತ್ತು, ಮೂಗು ಸೋರುತ್ತಿತ್ತು.

ಹುಡುಗಿ ನನ್ನ ಮುಖ ನೋಡಿದ್ದೇ ಚೀರಿದಳು: "ಅಯ್ಯೋ ಮೇಡಂ! ಸತ್ತೇ ಹೋದನಾ?"

ನಾನು ಹೌದೆಂದು ತಲೆಯಾಡಿಸಿದೆ. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ, ಆದರೂ ಬಿಡಿಸಿಕೊಳ್ಳಲಿಲ್ಲ.

ತಂದೆ ಗಾಬರಿಯಿಂದ ಎದ್ದು ಟೋಪಿ ಸರಿಮಾಡಿಕೊಂಡರು. "ಛೆ, ಛೆ! ಹತ್ತಿರದವರಾ ಮೇಡಂ?"

"ಐದು ಸಂಪುಟದ ಪರಿಚಯ," ಎಂದೆ.

ಅದು ಅವರ ಕಿವಿಗೆ ಬೀಳಲಿಲ್ಲ. ಆಗಲೇ ಕೀಲಿಕೈ ತೆಗೆದಿದ್ದರು. "ಮನೆ ಎಲ್ಲಿ ಹೇಳಿ. ನನ್ನ ವ್ಯಾನ್ ಉಂಟು, ಈಗಲೇ ಹೋಗುವ."

ಮಗಳು ಕಣ್ಣೊರೆಸಿಕೊಂಡು ಹೇಳಿದಳು: "ಉಪ್ಪಾ, ಸುಮ್ಮನಿರಿ. ಅಲ್ಲಿಗೆ ಸೇತುವೆ ಒಂದೇ ಇದ್ದದ್ದು. ಕಾವಲುಗಾರನೇ ಹೋದ ಮೇಲೆ ಅದೂ ಬಿದ್ದಿರ್ತದೆ."