ತಿಪ್ಪವ್ವನ ಮೇಲೆ ನಡೆದ ಕಿರಣ ಸುರಕ್ಷತಾ ಸಪ್ತಾಹ

ರೋಗಿಗಳನ್ನು ವಿಕಿರಣದಿಂದ ರಕ್ಷಿಸುವ ಸಪ್ತಾಹವನ್ನು ರೋಗಿಯೊಬ್ಬಳ ಮೇಲೆ ವಿಕಿರಣ ಬಿಡುವ ಮೂಲಕವೇ ಉದ್ಘಾಟಿಸತಕ್ಕದ್ದೆಂದು ಬಂಕಾಪುರ ಹೆದ್ದಾರಿ ಬದಿಯ ಧರ್ಮಾರ್ಥ ಆಸ್ಪತ್ರೆಯ ಮಂಡಳಿ ಸರ್ವಾನುಮತದಿಂದ ತೀರ್ಮಾನಿಸಿತು. ಆಪರೇಷನ್ ಕೋಣೆಯಲ್ಲಿ ದೀಪ ಬೆಳಗಿಸಿದರೆ ಬೆಂಕಿಯ ಭಯ, ಬೇರೆ ದಾರಿಯಿರಲಿಲ್ಲ.

ಆ ರೋಗಿ ಹತ್ತಿಮತ್ತೂರಿನ ತಿಪ್ಪವ್ವ. ಸವೆದ ಸೊಂಟದ ಕೀಲು ಬದಲಿಸಿಕೊಂಡು ಮತ್ತೆ ಹೊಲದ ಬದುವಿನ ಮೇಲೆ ನೆಟ್ಟಗೆ ನಡೆಯಬೇಕೆಂಬುದೊಂದೇ ಆಕೆಯ ಆಸೆ. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಬಾಯಿಯನ್ನು ಹಾಗೇ ಬಿಟ್ಟದ್ದು ಮಂಡಳಿಯ ಕಡೆಯಿಂದಾದ ಲೋಪ.

ಕೀಲು ಕೂಡ್ರಿಸುವಾಗ ಒಳಗಿನದನ್ನು ಪರದೆಯ ಮೇಲೆ ತೋರಿಸುವ ಎಕ್ಸ್-ರೇ ಯಂತ್ರ ಆಕೆಯ ಮೇಲೆ ಬಾಗಿ ನಿಂತಿತ್ತು. ಕಾಲಿನಿಂದ ಪೆಡಲು ಒತ್ತಿದರೆ ಕಿರಣ ಬೀಳುತ್ತದೆ, ಚಿತ್ರ ಮೂಡುತ್ತದೆ. ಆಪರೇಷನ್ ಮಾಡುವ ಡಾಕ್ಟರ್ ಪವನ ಅವರಿಗೆ ನಾಲ್ಕಾರು ಚಿತ್ರ ಸಾಕಿತ್ತು. ಆದರೆ ಮೊದಲ ಗೌರವ ಅಧ್ಯಕ್ಷ ಕರಬಸಪ್ಪನವರದು. ಅವರು ಒತ್ತಿದರು, ಚಪ್ಪಾಳೆಯಾಯಿತು. ಉಪಾಧ್ಯಕ್ಷರು ಮುನಿಸಿಕೊಳ್ಳಬಾರದೆಂದು ಅವರೂ ಒತ್ತಿದರು. ಹಾನಗಲ್ಲಿನ ಸದಸ್ಯರು ಒತ್ತಿದ ಮೇಲೆ ಶಿಗ್ಗಾವಿ, ಸವಣೂರು, ಹಿರೇಕೆರೂರಿಗೆ ಅನ್ಯಾಯವಾಗಬಾರದಲ್ಲ! ಫೋಟೊದಲ್ಲಿ ಕಣ್ಣು ಮುಚ್ಚಿದವರು ಮತ್ತೊಮ್ಮೆ ಒತ್ತಿದರು. ಎಲ್ಲರ ಮೈಮೇಲೂ ಸೀಸದ ಏಪ್ರನ್ನುಗಳಿದ್ದವು.

“ಅಷ್ಟು ಜಡ ಅಂಗಿ ಯಾಕ ಹಾಕ್ಕೊಂಡೀರಿ?” ತಿಪ್ಪವ್ವ ಕೇಳಿದಳು.

“ಈ ಕಿರಣ ಮೈಗೆ ಒಳ್ಳೇವಲ್ಲವ್ವಾ,” ಎಂದರು ಕರಬಸಪ್ಪ.

“ಹಂಗಾರ ನನ್ನ ಎದಿ ಮ್ಯಾಲೂ ಒಂದು ಹೊಚ್ಚರಿ.”

“ಇವು ಅತಿಥಿಗಳಿಗಷ್ಟ. ನೀ ಅತಿಥಿ ಅಲ್ಲವ್ವಾ, ಕಾರ್ಯಕ್ರಮ.”

ತಿಪ್ಪವ್ವನಿಗೆ ಭಯವೂ ಸಿಟ್ಟೂ ಒಟ್ಟಿಗೇ ಬಂದವು. ಎದ್ದು ಹೋಗೋಣವೆಂದರೆ ಕಾಲು ಮಾತು ಕೇಳುತ್ತಿಲ್ಲ. “ಸಾಕು ಮಾಡ್ರಿ! ಇಲ್ಲಾಂದ್ರ ಊರೆಲ್ಲಾ ಕೇಳೋ ಹಂಗ ಒದರ್ತೇನಿ!”

“ನನಗ ಬೇಕಾದ ಚಿತ್ರ ಇನ್ನೂ ಬಂದ ಇಲ್ರಿ,” ಎಂದರು ಡಾಕ್ಟರ್. “ಫೋಟೊದಾಗ ಸಪ್ತಾಹದ ಬ್ಯಾನರ್ ಕಾಣ್ಲಿ ಅಂತ ಯಂತ್ರ ತಿರುಗಿಸಿದ್ರಿ. ಬಂದದ್ದೆಲ್ಲಾ ಪಕ್ಕೆಲಬು.”

ಮಂಡಳಿ ನಿಂತಲ್ಲೇ ತುರ್ತು ಸಭೆ ಸೇರಿ, ದೂರು ನ್ಯಾಯಯುತವೆಂದು ಒಪ್ಪಿ, ರೋಗಿಗೆ ರಕ್ಷಣೆ ಮಂಜೂರು ಮಾಡಿತು. ಏಪ್ರನ್ನುಗಳನ್ನು ಬಿಚ್ಚುವುದು ಸುರಕ್ಷತಾ ನಿಯಮಕ್ಕೆ ವಿರುದ್ಧವಾದ್ದರಿಂದ, ತಿಪ್ಪವ್ವನಿಗೆ ಜರಿಯಂಚಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ಹೊಟ್ಟೆಯ ಮೇಲಿಟ್ಟು ಸನ್ಮಾನಿಸಲಾಯಿತು. ಆ ಸಂತೋಷಕ್ಕೆ ಎಲ್ಲರೂ ಇನ್ನೊಂದು ಸುತ್ತು ಪೆಡಲು ಒತ್ತಿದರು. ಡಾಕ್ಟರಿಗೆ ಕೊನೆಯ ಸರದಿ ಸಿಕ್ಕಿತು, ಕೀಲೂ ಕೂತಿತು. ಶಾಲು ಹೊದ್ದ ರೋಗಿಯನ್ನು ಇನ್ನು ಮುಂದೆ ರಕ್ಷಿತ ರೋಗಿಯೆಂದೇ ಪರಿಗಣಿಸತಕ್ಕದ್ದು ಎಂಬ ಸೂಚನೆ ಸಂಜೆಯೊಳಗೆ ಬಾಗಿಲಿಗೆ ಅಂಟಿತು.

ಮರುದಿನ ವಾರ್ಡಿನಲ್ಲಿ, ಮೊಣಕಾಲಿನ ಆಪರೇಷನ್ನಿಗೆ ಮಾಸೂರಿನಿಂದ ಬಂದಿದ್ದ ಸಿದ್ದವ್ವ ಆ ಶಾಲು ಸವರಿ ನೋಡಿದಳು. “ಇದನ್ನ ಹೊಚ್ಚಿದ್ರ ಕಿರಣ ಮೈಯಾಗ ಹಾಯೋದಿಲ್ಲೇನ ಯಕ್ಕಾ?”

“ಹಾಯ್ತಾವ,” ಎಂದಳು ತಿಪ್ಪವ್ವ. “ಆದ್ರ ಮರ್ಯಾದಿಲೆ ಹಾಯ್ತಾವ.”

ಸಿದ್ದವ್ವ ನರ್ಸಮ್ಮನನ್ನು ಕರೆದು, ತನಗೆ ಹಸಿರು ಬಣ್ಣದ್ದೇ ಇರಲಿ ಎಂದು ಹೇಳಿಟ್ಟಳು.