ಆರು ಗಂಟೆಯ ಪ್ರಾರ್ಥನೆ ಮಾಡಿದ್ದು ಯಾರು?

ಅಷ್ಟೂ ರಗಳೆ ಶುರುವಾದದ್ದು ಎಲ್ಡನ್ ಸ್ಕೌನ ಅಂಗಿ ಜೇಬಿನಿಂದ.

ಗುರುವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಅವನು ಕೆರೆಯ ನಟ್ಟನಡುವೆ ದೋಣಿಯಲ್ಲಿ ಕೂತಿದ್ದ. ಗಾಳಕ್ಕೆ ಹುಳ ಸಿಕ್ಕಿಸಬೇಕು, ಕಣ್ಣು ಮಂಜು. ಕನ್ನಡಕಕ್ಕೆಂದು ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಪೆನ್‌ಡ್ರೈವ್. ಅದು ಇರಬೇಕಾದ್ದು ಇಪ್ಪತ್ತೆರಡು ಮೈಲಿ ಆಚೆ, ರೇಡಿಯೋ ಸ್ಟೇಷನ್ನಿನ ಯಂತ್ರದಲ್ಲಿ. ಹಿಂದಿನ ದಿನ ಕದ್ದುಮುಚ್ಚಿ ರೆಕಾರ್ಡ್ ಮಾಡಿಟ್ಟ ಬೆಳಗಿನ ಪ್ರಾರ್ಥನೆ, ಆರಕ್ಕೆ ತಾನಾಗಿ ಕೇಳಿಸಬೇಕಾದ್ದು, ಅದರೊಳಗಿತ್ತು.

ಇದೇನು ಮಹಾಪರಾಧವೇ ಅನ್ನಬೇಡಿ. ಅವನ ಊರು ಹಾರ್ಲೋ ಕ್ರೀಕಿನಲ್ಲಿ ಅದು ಮಹಾಪರಾಧವೇ. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಪಾದ್ರಿ ಥಾರ್ಸನ್ ತನ್ನ ಕೋಳಿಗೂಡು ತೊಳೆಸಿ, ಜೋಳದ ಹೊಲದಲ್ಲಿ ಗೋಪುರ ನಿಲ್ಲಿಸಿ ಕಟ್ಟಿದ ಸ್ಟೇಷನ್ ಅದು. ಜಾಹೀರಾತು ಅಂದರೆ ಪಾದ್ರಿಗೆ ಆಗುತ್ತಿರಲಿಲ್ಲ. ಕೇಳುವವರೇ ಸಾಕಬೇಕು, ಇವತ್ತಿಗೂ ಅವರೇ ಸಾಕುತ್ತಿದ್ದಾರೆ. ಕೆಲವರು ಚೆಕ್ ಕಳಿಸುತ್ತಾರೆ, ಕೆಲವರು ಮೊಟ್ಟೆ ತಂದಿಟ್ಟು ಹೋಗುತ್ತಾರೆ. ಮಧ್ಯಾಹ್ನ ದವಸದ ಧಾರಣೆ, ಆಮೇಲೆ ತೀರಿಕೊಂಡವರ ಹೆಸರು, ಮಕ್ಕಳಿಗೆ ಬೈಬಲ್ ಕತೆ, ಸಂಜೆ ಹಳೇ ಪ್ರವಚನ, ಇವೆಲ್ಲ ರೆಕಾರ್ಡಾಗಿದ್ದರೂ ನಡೆಯುತ್ತದೆ. ಆರು ಗಂಟೆಯ ಪ್ರಾರ್ಥನೆ ಮಾತ್ರ ಆ ಕ್ಷಣದಲ್ಲೇ, ಬದುಕಿರುವ ಬಾಯಿಂದಲೇ ಬರಬೇಕು. "ಡಬ್ಬಿಗೆ ತುಂಬಿಟ್ಟ ಪ್ರಾರ್ಥನೆಯನ್ನು ದೇವರು ಮುಟ್ಟುವುದಿಲ್ಲ" ಎಂದು ಪಾದ್ರಿ ಹಲಗೆ ಬರೆಸಿ ಗೋಡೆಗೆ ಹೊಡೆಸಿ ಹೋಗಿದ್ದಾನೆ. ಕಷ್ಟ ಇದ್ದವರು ಚೀಟಿ ಬರೆದು ಬಾಗಿಲ ಕಿಂಡಿಯಲ್ಲಿ ಹಾಕುತ್ತಾರೆ. ಎಲ್ಡನ್ ಒಬ್ಬೊಬ್ಬರ ಹೆಸರು ಹಿಡಿದು ಬೇಡಿಕೊಳ್ಳುತ್ತಾನೆ.

ಹೋದ ತಿಂಗಳು ನಿದ್ದೆ ಹತ್ತಿ ಅರ್ಧ ಗಂಟೆ ರೇಡಿಯೋ ಮೂಕಾಗಿತ್ತು. "ಇನ್ನೊಂದ್ಸಲ ಹೀಗಾದ್ರೆ ಆ ಕುರ್ಚಿ ನಿಂದಲ್ಲ, ಎಲ್ಡನ್" ಅಂದಿದ್ದರು ಮ್ಯಾನೇಜರ್ ಮಿಸೆಸ್ ಬೋಯೆ. ಆ ಕುರ್ಚಿ ಬಿಟ್ಟರೆ ಅವನಿಗೆ ಏನಿದೆ? ಹೆಂಡತಿಯಿಲ್ಲ, ಹೊಲವಿಲ್ಲ. ಹತ್ತೊಂಬತ್ತು ವರ್ಷದಿಂದ ಜನ ಅವನನ್ನು ನಿಲ್ಲಿಸಿ ಮಾತಾಡಿಸುವುದೇ ಆ ದನಿಯ ದೆಸೆಯಿಂದ.

'ಇವತ್ತೂ ರೇಡಿಯೋ ಮೂಕಾಗಿರುತ್ತೆ, ಮುಗೀತು ನನ್ನ ಕತೆ' ಎಂದುಕೊಂಡು ಎಲ್ಡನ್ ದಡಕ್ಕೆ ಹುಟ್ಟು ಹಾಕಿ ಕಾರು ಹತ್ತಿದ. ಯಂತ್ರ ಕೆಟ್ಟಿತ್ತು ಅನ್ನಲೇ? ಜ್ವರ ಅನ್ನಲೇ? ಒಂದು ಸುಳ್ಳೂ ನೆಟ್ಟಗೆ ನಿಲ್ಲಲಿಲ್ಲ. ಊರ ಬಾಗಿಲಲ್ಲೇ ಪೆಟ್ರೋಲ್ ಬಂಕಿನ ಕ್ಲೇಟಸ್ ರಸ್ತೆಗೆ ಅಡ್ಡ ನಿಂತು ಕಾರು ನಿಲ್ಲಿಸಿದ.

"ಏನಯ್ಯಾ ಎಲ್ಡನ್! ಬೆಳಗ್ಗೆ ಏನು ಮಾತಾಡಿಬಿಟ್ಟೆಯೋ ಮಾರಾಯಾ!"

"ನಾನಾ?"

"ಇನ್ಯಾರು? 'ಕ್ಲೇಟಸ್, ನಿನ್ನ ನಾಯಿ ಹಳೇ ಬಾವಿ ಹತ್ರ ಇದೆ' ಅಂದೆಯಲ್ಲ! ರೇಡಿಯೋ ಅಲ್ಲೇ ಒದರ್ತಾ ಇರಲಿ ಅಂತ ಬಿಟ್ಟು ಓಡಿದೆ. ಬಾವಿಕಟ್ಟೆ ಮೇಲೆ ಕೂತಿತ್ತು ನೋಡು, ನಾಲ್ಕು ದಿನದಿಂದ ಕಾಣದ ನಾಯಿ! ನಾನು ಚೀಟೀನೂ ಹಾಕಿರಲಿಲ್ಲ. ನಿಂಗೆ ಹೆಂಗೆ ಗೊತ್ತಾಯ್ತು?"

ಬಂಕಿನ ಮೂಲೆಯಿಂದ ನಾಯಿ ಎಲ್ಡನ್‌ನನ್ನು ನೋಡಿತು. ನೋಡಿ, ಬಾಲ ಮುದುರಿಕೊಂಡು ಡಬ್ಬಗಳ ಹಿಂದೆ ಸರಿಯಿತು. ಸ್ಟೇಷನ್ನಿಗೆ ಎರಡೇ ಕೀಲಿ, ಎಂಟಕ್ಕೆ ಬರುವ ಮ್ಯಾನೇಜರ್ ಹತ್ತಿರ ಒಂದು, ಎಲ್ಡನ್ ಹತ್ತಿರ ಒಂದು. ಆದರೆ ಕೆಲಸ ಉಳಿಯಿತಲ್ಲ! ಭಯಕ್ಕಿಂತ ಆ ಖುಷಿಯೇ ಮೊದಲು ಬಾಯಿ ತೆರೆಯಿತು.

"ನಾನಲ್ಲದೆ ಇನ್ಯಾರು, ಕ್ಲೇಟಸ್? ದೇವರು ಹೇಳಿಸಿದ, ಹೇಳಿದೆ."

ಬೀದಿ ತಿರುಗಿದರೆ ಮುದುಕಿ ಮೇವಿಸ್, ಒಂದು ಕೈಯಲ್ಲಿ ಹಣ್ಣು ತುಂಬಿ ಬೇಯಿಸಿದ ಬಿಸಿ ಪೈ ಹಿಡಿದುಕೊಂಡು ಬಂದಳು. ಕಣ್ಣು ಕೆಂಪಾಗಿತ್ತು.

"ಮಗಾ, ನನ್ನ ಚೀಟಿ ಓದಿದೆಯಲ್ಲೋ ನೀನು."

"ಓದಬೇಕಲ್ಲ, ಮೇವಿಸಮ್ಮ. ನನ್ನ ಕೆಲಸಾನೇ ಅದು."

"ಆ ಚೀಟಿ ನಾನು ಕಿಂಡಿಗೆ ಹಾಕಲಿಲ್ಲ ಕಣೋ. ನನ್ನ ತಂಗಿಗೆ ಮಾಡಿದ ಅನ್ಯಾಯ ಬರೆದಿದ್ದೆ. ನಾಚಿಕೆಯಾಗಿ ಒಲೆಗೆ ಹಾಕಿ ಸುಟ್ಟೆ. ಒಂದಕ್ಷರ ಬಿಡದೆ ಓದಿದೆ ನೀನು. ಮಧ್ಯೆ ಒಂದ್ಸಲ ಕೆಮ್ಮಿದೆ. ಹೊಗೆ ಕುಡಿದವರ ಹಾಗೆ ಕೆಮ್ಮಿದೆ."

ಎಲ್ಡನ್ ಕಾರಿನ ಕಿಟಕಿಯಿಂದ ತಲೆ ಒಳಗೆಳೆದುಕೊಳ್ಳಲು ನೋಡಿದ.

"ಇನ್ನು ಕೊನೇಲಿ ಹೇಳಿದೆಯಲ್ಲ," ಅವಳು ಅವನ ಕೆನ್ನೆ ಸವರಿದಳು, "ಅದನ್ನ ಹೇಳೋಕೆ ಗುಂಡಿಗೆ ಬೇಕಪ್ಪಾ. ಆ ಮಾತು ನಿಂದೇ ತಾನೆ? ಯಾರೂ ಹೇಳಿಕೊಟ್ಟಿದ್ದಲ್ಲ ತಾನೆ?"

ಕೊನೆಯಲ್ಲಿ ಏನು ಹೇಳಿದೆ ಎಂದು ಕೇಳುವ ಹಾಗಿಲ್ಲ. ತಾನೇ ಆಡಿದ ಮಾತನ್ನು ಯಾರಾದರೂ ಇನ್ನೊಬ್ಬರ ಹತ್ತಿರ ಕೇಳುತ್ತಾರೆಯೇ? "ನಂದೇ, ಮೇವಿಸಮ್ಮ. ಪ್ರತಿಯೊಂದು ಮಾತೂ ನಂದೇ" ಅಂದ. ಸ್ಟೇಷನ್ನಿಗೆ ತಾನೂ ಬರುತ್ತೇನೆಂದು ಅವಳು ಪೈ ಸಮೇತ ಕಾರು ಹತ್ತಿದಳು. ಹಿಂದೆ ಕ್ಲೇಟಸ್ಸಿನ ಗಾಡಿಯೂ ಬಂತು.

ಸ್ಟೇಷನ್ನಿನಲ್ಲಿ ಆಡಳಿತ ಮಂಡಳಿಯ ಐದೂ ಜನ ಸೇರಿದ್ದರು. ಮೇಜಿನ ಮೇಲೆ ದೊಡ್ಡ ಕೇಕು. ಮಿಸೆಸ್ ಬೋಯೆ ಎದ್ದು ಬಂದು ಅವನ ಕೈ ಹಿಡಿದರು. ಹತ್ತೊಂಬತ್ತು ವರ್ಷದಲ್ಲಿ ಆಯಮ್ಮ ಅವನ ಕೈ ಹಿಡಿದದ್ದು ಇದೇ ಮೊದಲು.

"ನಾನು ಎಂಟಕ್ಕೆ ಬಂದೆ. ನೀನಾಗಲೇ ಹೊರಟುಬಿಟ್ಟಿದ್ದೆ. ಬಾಗಿಲಿಗೆ ಬೀಗ, ತೆಗೆದರೆ ಒಳಗೆ ನಿನ್ನ ಕಾಫಿ ಲೋಟ ಇನ್ನೂ ಬಿಸಿ. ಎಲ್ಡನ್, ಇವರೆಲ್ಲರ ಎದುರಿಗೆ ಒಂದೇ ಮಾತು ಕೇಳ್ತೀನಿ. ಬೆಳಗ್ಗೆ ಮಾತಾಡಿದ್ದು ನೀನೇ ತಾನೆ?"

ಆ ಲೋಟವನ್ನು ಅವನು ಬೆಳಗ್ಗೆ ಮುಟ್ಟಿಯೇ ಇರಲಿಲ್ಲ. ಆದರೂ ಕೇಕು ಎದುರಿಗಿತ್ತು, ಕುರ್ಚಿ ಅಲ್ಲೇ ಕಾಣುತ್ತಿತ್ತು.

"ನಾನೇ, ಮಿಸೆಸ್ ಬೋಯೆ. ಬೇಕಾದ್ರೆ ಬೈಬಲ್ ಮುಟ್ಟಿ ಹೇಳ್ತೀನಿ."

"ಬೇಡಪ್ಪ, ನಂಬಿದೀವಿ." ಆಕೆ ಕಣ್ಣೊರೆಸಿಕೊಂಡರು. "ಹಾಗಾದ್ರೆ ಭಾರವಾದ ಮನಸ್ಸಿಂದ ನಿನ್ನ ರಾಜೀನಾಮೆ ಒಪ್ಪಿದೀವಿ."

"ಯಾವ ರಾಜೀನಾಮೆ?"

"'ನಿಮಗೆ ಸುಳ್ಳು ಹೇಳಿಕೊಂಡು ಬದುಕಿದ್ದೀನಿ, ಈ ಕುರ್ಚಿಗೆ ನಾನು ತಕ್ಕವನಲ್ಲ, ಇವತ್ತೇ ಬಿಡ್ತೀನಿ' ಅಂತ ಊರಿಗೆ ಊರೇ ಕೇಳೋ ಹಾಗೆ ಹೇಳಿದೆಯಲ್ಲ."

"ಅಯ್ಯೋ, ಅದು ನಾನಲ್ಲ! ನಾನು ಕೆರೇಲಿದ್ದೆ! ಮೀನು ಹಿಡೀತಿದ್ದೆ!"

ಐದೂ ಜನ ಮುಖ ಮುಖ ನೋಡಿಕೊಂಡರು. ಮಿಸೆಸ್ ಬೋಯೆ ಮೆಲ್ಲಗೆ ಅವನ ಬೆನ್ನು ತಟ್ಟಿದರು.

"ಅದನ್ನೂ ಹೇಳಿದ್ದೆ, ಎಲ್ಡನ್. 'ಆಮೇಲೆ ಧೈರ್ಯ ಸಾಲದೆ ಕೆರೇಲಿದ್ದೆ ಅಂತೀನಿ, ದಯವಿಟ್ಟು ನಂಬಬೇಡಿ' ಅಂದೆ. ಅಲ್ಲಾ, ನಿಜವಾಗಲೂ ಕೆರೇಲಿದ್ದೆ ಅಂದರೆ ಆಗಲೂ ನೀನು ಈ ಕೆಲಸಕ್ಕೆ ಇರೋ ಹಾಗಿಲ್ಲ, ಅಲ್ವಾ?"

ಎಲ್ಡನ್ ಸುತ್ತ ನೋಡಿದ. ಎಡಕ್ಕೆ ಕ್ಲೇಟಸ್, ಬಲಕ್ಕೆ ಮೇವಿಸ್, ಅವನು 'ನಾನೇ' ಅಂದದ್ದಕ್ಕೆ ಇಬ್ಬರೂ ಸಾಕ್ಷಿ ನಿಂತಿದ್ದರು.

"ನಾಳೆ ಆರು ಗಂಟೆಗೆ ಯಾರು ಬರ್ತಾರೆ ಹಾಗಾದ್ರೆ?"

"ನಿನ್ನ ಜಾಗಕ್ಕೆ ಆಳು ಗೊತ್ತಾಗಿದೆ ಅಂದೆಯಲ್ಲಪ್ಪಾ. ಅವರಿಗೆ ಕೀಲೀನೂ ಬೇಕಾಗಿಲ್ಲ ಅಂದೆ. ನಿಂದು ಇಲ್ಲಿ ಕೊಡು." ಆಕೆ ಕೈ ಚಾಚಿದರು.

ಮಾರನೆಯ ದಿನ ಆರಕ್ಕೆ ಎಲ್ಡನ್ ತನ್ನ ಅಡುಗೆಮನೆಯಲ್ಲಿ, ಮುಟ್ಟದ ಕೇಕಿನ ಮುಂದೆ ಕೂತಿದ್ದ. ಬೇಡ ಬೇಡ ಅಂದುಕೊಂಡೇ ರೇಡಿಯೋ ಹಾಕಿದ. ಸ್ವಲ್ಪ ಗೊರಗೊರ. ಆಮೇಲೆ ಗಂಟಲು ಸರಿಮಾಡಿಕೊಂಡು, ಅವನದೇ ದನಿ, ಅವನಿಗಿಂತ ಎಷ್ಟೋ ಚೆನ್ನಾಗಿ, ಮಾತು ಶುರುಮಾಡಿತು.

"ಪ್ರಿಯರೇ, ಮೊದಲು, ನಿನ್ನೆ ಕೆಲಸ ಕಳೆದುಕೊಂಡು ಅಡುಗೆಮನೆಯಲ್ಲಿ ಒಬ್ಬನೇ ಕೂತಿರುವ ಎಲ್ಡನ್ ಸ್ಕೌಗಾಗಿ ಬೇಡಿಕೊಳ್ಳೋಣ."

ಎಲ್ಡನ್ ಕೈ ಜೋಡಿಸಿ, ಹತ್ತೊಂಬತ್ತು ವರ್ಷದ ರೂಢಿಯಂತೆ, "ಆಮೆನ್" ಅಂದ.