ವಾಲಿದ ಭೂಮಿ, ಪಾಲಿನ ನೀರು

ಹೊಸದಾಗಿ ಕಲಿತ ವಿದ್ಯೆಯೂ ಹೊಸ ಚಪ್ಪಲಿಯೂ ಒಂದೇ. ನಾಲ್ಕು ಜನರ ಮುಂದೆ ಮೆಟ್ಟಿಕೊಂಡು ಓಡಾಡದಿದ್ದರೆ ಸಮಾಧಾನವಿಲ್ಲ. ಕಚ್ಚುವುದು ಆಮೇಲೆ ಗೊತ್ತಾಗುತ್ತದೆ. ಮದ್ದೂರಿನ ಮೇಷ್ಟರೊಬ್ಬರಿಂದ ಎರವಲು ತಂದ ಭೂಗೋಳದ ಪುಸ್ತಕವನ್ನು ನಾನು ಅರೆದು ಕುಡಿದಿದ್ದೆ. ಭೂಮಿ ನೆಟ್ಟಗಿಲ್ಲ, ವಾಲಿಕೊಂಡಿದೆ. ಅದಕ್ಕೇ ವರ್ಷವೆಲ್ಲ ಹಗಲು ಒಂದೇ ಅಳತೆಯಲ್ಲಿರುವುದಿಲ್ಲ. ಉತ್ತರದ ತುದಿಯ ದೇಶಗಳಲ್ಲಿ ಬೇಸಿಗೆಯ ಸೂರ್ಯ ಮುಳುಗುವುದನ್ನೇ ಮರೆಯುತ್ತಾನಂತೆ. ನಮ್ಮೂರು ಚಿಕ್ಕರಸಿನಕೆರೆಯ ಕಡೆ ಅವನು ಅಷ್ಟು ಧಾರಾಳಿಯಲ್ಲ. ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ, ಅಷ್ಟೇ. ಅಷ್ಟರಲ್ಲೇ ನಮ್ಮ ಕಬ್ಬು ಒಣಗಿಸುವ ಪ್ರತಿಭೆ ನನಗಿತ್ತು.

ಅಪ್ಪನೂ ಚಿಕ್ಕಪ್ಪನೂ ಬೇರೆಯಾದಾಗ ಕೆರೆಯ ಕಾಲುವೆ ನೀರನ್ನು ಹಿರಿಯರು ಪಾಲು ಮಾಡಿದ್ದರು: ಹೊತ್ತು ಮೂಡಿ ಮುಳುಗುವ ತನಕ ಅಣ್ಣನ ಗದ್ದೆಗೆ, ಮುಳುಗಿ ಮೂಡುವ ತನಕ ತಮ್ಮನ ಗದ್ದೆಗೆ. ಕಾರ್ತಿಕದ ಒಂದು ಸಂಜೆ ನಾನು ಜಗುಲಿಯ ಮೇಲೆ ತೆಂಗಿನಕಾಯಿಯನ್ನು ಓರೆಯಾಗಿ ಹಿಡಿದು, ದೀಪದ ಸುತ್ತ ತಿರುಗಿಸುತ್ತ, ಅಪ್ಪನಿಗೆ ಪಾಠ ಶುರುಮಾಡಿದೆ.

"ಎತ್ಲಾಗ್ ವಾಲ್ಕಂಡದ್ಲಾ ಭೂಮಿ? ನಿಮ್ ಚಿಕ್ಕಪ್ಪನ್ ಗದ್ದೆ ಕಡೀಕಾ?" ಎಂದರು ಅಪ್ಪ.

"ಈಗ ಹಾಗೇ ಅಂದ್ಕೊಳ್ಳಿ. ಧನುರ್ಮಾಸಕ್ಕೆ ರಾತ್ರಿ ಉದ್ದ. ನೀರು ಅವರಿಗೇ ಜಾಸ್ತಿ."

ಅಪ್ಪನಿಗೆ ಅಷ್ಟು ಸಾಕಾಯಿತು. ಎದ್ದು ಎದುರಿಗಿದ್ದ ಚಿಕ್ಕಪ್ಪನ ಮನೆಗೆ ನಡೆದೇಬಿಟ್ಟರು. ನಾನಾದರೋ, ಕೇಳುವವರು ಎದ್ದುಹೋದರೆಂದು ಪಾಠ ನಿಲ್ಲಿಸುವ ಜಾತಿಯವನಲ್ಲ. ಬೇಸಿಗೆಯಲ್ಲಿ ಇದೆಲ್ಲ ತಿರುಗುಮುರುಗಾಗುತ್ತದೆ ಎಂಬ ಉತ್ತರಾರ್ಧವನ್ನು ಬೀದಿಗೆಲ್ಲ ಕೇಳುವಂತೆ ತೆಂಗಿನಕಾಯಿಗೇ ವಿವರಿಸಿದೆ. ಅಪ್ಪ ಸರದಿ ಅದಲುಬದಲು ಮಾಡೋಣವೆಂದಾಗ, ತನ್ನ ಜಗುಲಿಯಲ್ಲಿ ಕೂತಿದ್ದ ಚಿಕ್ಕಪ್ಪ ಒಂದು ಮಾತೂ ಎದುರಾಡಲಿಲ್ಲ. "ನೀನ್ ಯೋಳ್ದಂಗೇ ಆಗ್ಲಿ ಬುಡಣ್ಣ. ಒಂದ್ ವರ್ಸ ಹಿಂಗೇ ಇರ್ಲಿ" ಎಂದು ಎಲೆಅಡಿಕೆ ಕೊಟ್ಟು ಮಾತು ಗಟ್ಟಿಮಾಡಿಕೊಂಡ. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡೆ.

ಚಳಿ ಬಂತು. "ಉದ್ದದ್ ರಾತ್ರಿ ಬೇಕು ಅಂದೋನು ನೀನು. ಓಗ್ಲಾ, ನೀರ್ ಕಟ್ಟೋಗು" ಎಂದು ಅಪ್ಪ ಗುದ್ದಲಿ ಕೊಟ್ಟರು. ಯುದ್ಧದ ಕಾಲ, ಲಾಂದ್ರಕ್ಕೆ ಸೀಮೆಎಣ್ಣೆಯಿಲ್ಲ. ಹೆಚ್ಚಾಗಿ ಬಂದ ನೀರಿನಲ್ಲಿ ಅರ್ಧವನ್ನು ಕತ್ತಲಲ್ಲಿ ಪಕ್ಕದವರ ಗದ್ದೆಗೆ ಕಟ್ಟಿದೆ. ಅವರ ಭತ್ತ ಆ ವರ್ಷ ಬಹಳ ಚೆನ್ನಾಗಿ ಬಂತು. ಅದೇ ಯುದ್ಧಕ್ಕೆಂದು ಸರ್ಕಾರ ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ತಿರುಗಿಸಿದಾಗ ಊರಲ್ಲಿ ಯಾರೂ ಕೆಮ್ಮಲಿಲ್ಲ. ನಾನು ಸೂರ್ಯನ ವಿಷಯ ಎತ್ತಿದರೆ ಮಾತ್ರ ಎಲ್ಲರಿಗೂ ಮನೆಕೆಲಸ ನೆನಪಾಗುತ್ತಿತ್ತು.

ಬೇಸಿಗೆಗೆ ಕಾಲುವೆ ಸೊರಗಿತು, ಹಗಲು ಬೆಳೆಯಿತು, ನಮ್ಮ ಕಬ್ಬಿನ ಗರಿ ಸುರುಳಿ ಸುತ್ತಿತು. ಅಪ್ಪ ನನ್ನನ್ನೇ ರಾಯಭಾರಕ್ಕೆ ಕಳಿಸಿದರು.

"ಚಿಕ್ಕಪ್ಪಾ, ಸರದಿ ಮೊದಲಿನ ಹಾಗೆ ಮಾಡ್ಕೊಳ್ಳೋಣವೇ?"

"ವರ್ಸ ತುಂಬ್ಲಿ ಕಣ್ಲಾ. ಅರ್ಧ ಪಾಠಕ್ಕೇ ಎದ್ ಬಂದೋನು ನಿಮ್ಮಪ್ಪ. ನಾನು ಇಲ್ಲಿಂದ್ಲೇ ಪೂರ್ತಿ ಕೇಳಿವ್ನಿ."

ಈಗ ನಮ್ಮೂರಲ್ಲಿ ಸೂರ್ಯ ಮುಳುಗುವುದನ್ನು ನನ್ನಷ್ಟು ಆತುರದಿಂದ ಕಾಯುವವರಿಲ್ಲ. ಗುದ್ದಲಿ ಹೆಗಲಿಗೇರಿಸಿ ಬದುವಿನ ಮೇಲೆ ನಿಂತಿರುತ್ತೇನೆ. ಚಿಕ್ಕಪ್ಪ ನೀರಿನ ಬಾಯಿಗೆ ಅಡ್ಡ ಕೂತು, ಪಡುವಣಕ್ಕೆ ಬೆರಳು ತೋರಿಸಿ, "ಇನ್ನೂ ಅಂಚು ಕಾಣ್ತಾ ಅದೆ ನೋಡ್ಲಾ, ನಿನ್ ಸೂರ್ಯಂದು" ಎನ್ನುತ್ತಾನೆ. ನಾನು ಕಣ್ಣು ಕಿರಿದು ಮಾಡಿ ನೋಡುತ್ತೇನೆ. ಏನು ಹೇಳಲಿ, ನಿಜವಾಗಿಯೂ ಕಾಣುತ್ತಿರುತ್ತದೆ.